ಪಂಚಮಿ ಆಟಕ್ಕೆ ಪಣ: ಅಳ್ಳಿನ ಚೆಂಡು

ನಾಗರ ಪಂಚಮಿ ಬಂತೆಂದರೆ ನಮ್ಮಂಥ ಜಿಲ್ಲಾ ವರದಿಗಾರರಿಗೆ ಒಂದು ಸುದ್ದಿ ತಪ್ಪದು: ಜೂಜಾಟ, ದಾಳಿ, ಪ್ರಕರಣ ದಾಖಲು. ನಾಲ್ಕು ಸಾಲು ಬರೆದು ಕಳಿಸುತ್ತೇವೆ. ಆದರೆ ಉತ್ತರ ಕರ್ನಾಟಕದ ಪಂಚಮಿ ಇಸ್ಪೀಟಿನ ಹಬ್ಬವಲ್ಲ. ಜೋಕಾಲಿ, ಕೊಬ್ಬರಿ ಬಟ್ಟಲು, ನಿಂಬೆಹಣ್ಣಿನ ಎಸೆತ, ಇವೆಲ್ಲ ಆಟಗಳೇ. ಇಷ್ಟು ಎಸೆತದಲ್ಲಿ ಊರ ಹೊರಗಿನ ಆ ಮರ ಮುಟ್ಟಬೇಕು ಅಂತ ಪಣ. ಆ ಪಣ ಈಗ ನೋಟಿಗೆ ತಿರುಗಿದೆ. ಹತ್ತನೇ ತರಗತಿ ಹುಡುಗರೂ ಐದುನೂರರ ನೋಟು ಹಿಡಿದು ನಿಲ್ಲುತ್ತಾರೆ.

ನಮ್ಮ ಓಣಿಯಲ್ಲಿ ನಾವು ಎರಡು ವರ್ಷದಿಂದ ಬೇರೆ ಪಣ ಇಟ್ಟಿದ್ದೇವೆ. ಗೆದ್ದವರಿಗೆ ಅಳ್ಳಿನ ಉಂಡೆ, ಅದೂ ಕ್ರಿಕೆಟ್ ಚೆಂಡಿನ ಆಕಾರದ್ದು.

ಅಳ್ಳು ನಮಗೆ ಹೊಸದಲ್ಲ. ಪಂಚಮಿಗೆ ಶೇಂಗಾ ಉಂಡೆ, ಎಳ್ಳುಂಡೆ ಜೊತೆ ಜೋಳದ ಅಳ್ಳು ಇರಲೇಬೇಕು. ಅದಕ್ಕೆಂದೇ ಅಳ್ಳಿನ ಜೋಳ ಎಂಬ ತಳಿಯನ್ನು ಹಿರಿಯರು ಹೊಲದ ಒಂದು ಮೂಲೆಯಲ್ಲಿ ಬೆಳೆಯುತ್ತಿದ್ದರು. ಈಗ ಹೊಲದ ತುಂಬ ಗೋವಿನಜೋಳ. ಅದನ್ನು ಬಾಣಲೆಗೆ ಹಾಕಿದರೆ ಹುರಿಯುತ್ತದೆ, ಅರಳುವುದಿಲ್ಲ. ಪಾಪ್‌ಕಾರ್ನ್ ತಳಿಯ ಕಾಳಿನ ಸಿಪ್ಪೆ ಗಟ್ಟಿ. ಒಳಗಿನ ತೇವ ಸುಮಾರು 180 ಡಿಗ್ರಿ ಶಾಖಕ್ಕೆ ಹಬೆಯಾಗಿ ಒತ್ತಿ ಒಮ್ಮೆಲೇ ಸಿಡಿಯುತ್ತದೆ. ನಮ್ಮ ಹೊಲದ ಕಾಳಿನಲ್ಲಿ ಹಬೆ ಹಾಗೇ ಸೋರಿಹೋಗುತ್ತದೆ. ಹಾಗಾಗಿ ಗೋವಿನಜೋಳದ ನಾಡಿನಲ್ಲಿದ್ದೂ ಪಾಪ್‌ಕಾರ್ನ್ ಕಾಳನ್ನು ಅಂಗಡಿಯಿಂದ ತರಬೇಕು.

ಮಾಡುವುದು ಹೀಗೆ. 100 ಗ್ರಾಂ ಕಾಳು, ಎರಡು ಚಮಚ ಎಣ್ಣೆ. ದಪ್ಪ ತಳದ ಪಾತ್ರೆಯಲ್ಲಿ ಮೊದಲು ಎರಡು ಕಾಳು ಹಾಕಿ, ಅವು ಸಿಡಿದ ಮೇಲೆ ಉಳಿದದ್ದು ಹಾಕಿ ಮುಚ್ಚಿ. ಮುಚ್ಚಳ ತುಸು ಓರೆ ಇರಲಿ, ಹಬೆ ಒಳಗೇ ಉಳಿದರೆ ಅಳ್ಳು ಮೆತ್ತಗಾಗುತ್ತದೆ. ಸಿಡಿಯದ ಕಾಳನ್ನು ಆರಿಸಿ ತೆಗೆಯಿರಿ, ಇಲ್ಲದಿದ್ದರೆ ಹಲ್ಲಿಗೆ ಪೆಟ್ಟು. ಕಾಳು ಹಳೆಯದಾಗಿ ಒಣಗಿದ್ದರೆ ಅರ್ಧ ಚಮಚ ನೀರು ಚಿಮುಕಿಸಿ, ಡಬ್ಬಿ ಮುಚ್ಚಿ ಎರಡು ದಿನ ಇಡಿ.

200 ಗ್ರಾಂ ಬೆಲ್ಲಕ್ಕೆ ನೀರಿನ ಬದಲು ಅರ್ಧ ಲೋಟ ಬೀಟ್‌ರೂಟ್ ರಸ ಹಾಕಿ ಕುದಿಸಿ, ಸೋಸಿ, ಮತ್ತೆ ಕುದಿಸಿ. ಒಂದು ಹನಿ ತಣ್ಣೀರಿಗೆ ಬಿಟ್ಟರೆ ಗಟ್ಟಿ ಗುಂಡಾಗಬೇಕು. ಒಲೆಯಿಂದ ಇಳಿಸಿ, ಏಲಕ್ಕಿ, ಒಂದು ಚಮಚ ತುಪ್ಪ, ಅಳ್ಳು ಸೇರಿಸಿ ಕಲಸಿ. ಪಾಕದ ಕೆಲಸ ದೊಡ್ಡವರದೇ, ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಕೈ ತಾಳುವಷ್ಟು ಬಿಸಿ ಇರುವಾಗ ತುಪ್ಪ ಸವರಿಕೊಂಡು ಹಗುರವಾಗಿ ಕಟ್ಟಿ. ಬಣ್ಣ ಹತ್ತಾರು ಓವರ್ ಆಡಿದ ಹಳೆ ಚೆಂಡಿನಂತೆ ಕಂದುಗೆಂಪು. ನಡುವೆ ಬಿಳಿ ಎಳ್ಳನ್ನು ಸಾಲಾಗಿ ಒತ್ತಿದರೆ ಹೊಲಿಗೆ ತಯಾರು. ಈ ಕೆಲಸ ಮಕ್ಕಳಿಗೇ ಬಿಡಿ. ನಾಲ್ಕು ವರ್ಷದೊಳಗಿನ ಕೂಸುಗಳಿಗೆ ಮಾತ್ರ ಕೊಡಬೇಡಿ, ಅಳ್ಳು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇದರಿಂದ ಊರಿನ ಜೂಜು ನಿಂತಿತೇ? ಇಲ್ಲ. ಗುಡಿಯ ಹಿಂದೆ ಎಲೆ ಹಾಕುವವರು ಹಾಕುತ್ತಲೇ ಇದ್ದಾರೆ. ಆದರೆ ನಮ್ಮ ಓಣಿಯ ಎಸೆತಕ್ಕೆ ಹೋದ ವರ್ಷ ಹೆಣ್ಣುಮಕ್ಕಳೂ ಬಂದರು. ದುಡ್ಡಿನ ಪಣ ಇದ್ದಾಗ ಅವರು ಜೋಕಾಲಿ ಬಿಟ್ಟು ಈ ಕಡೆ ಬರುತ್ತಿರಲಿಲ್ಲ. ತವರಿಗೆ ಬಂದ ಅಕ್ಕಂದಿರು ಸೀರೆ ಸೆರಗು ಸಿಕ್ಕಿಸಿ ನಿಂಬೆಹಣ್ಣು ಬೀಸಿದ್ದನ್ನು ಓಣಿ ಇನ್ನೂ ಮಾತಾಡುತ್ತಿದೆ. ಸೋತವರಿಗೂ ಕೊನೆಗೆ ಉಂಡೆ ಸಿಕ್ಕಿತು. ಸಾಲ ಯಾರಿಗೂ ಆಗಲಿಲ್ಲ.

ನಿಮ್ಮ ಮನೆಯ ಅಟ್ಟದ ಮೇಲೆ ಅಳ್ಳಿನ ಜೋಳದ ಬೀಜ ಇನ್ನೂ ಇದ್ದರೆ ಎಲ್ಲವನ್ನೂ ಹುರಿಯಬೇಡಿ. ಒಂದು ಹಿಡಿ ಬಿತ್ತಲು ಉಳಿಸಿ, ಇನ್ನೊಂದು ಹಿಡಿ ಪಕ್ಕದ ಮನೆಗೆ ಕೊಡಿ. ಪಾಪ್‌ಕಾರ್ನ್ ಕಾಳು ಯಾವಾಗ ಬೇಕಾದರೂ ಅಂಗಡಿಯಲ್ಲಿ ಸಿಗುತ್ತದೆ. ಈ ಬೀಜ ಸಿಗುವುದಿಲ್ಲ.