ಗಾಲಿಯ ಮನೆ, ಗೋಡೆಯೊಳಗಿನ ನೀರು

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಬೆಟ್ಟಗಳೂ ಸರೋವರಗಳೂ ಒಂದನ್ನೊಂದು ಅಪ್ಪಿಕೊಂಡಿರುವ ಸೀಮೆಯೊಂದಿದೆ. ಲೇಕ್ ಡಿಸ್ಟ್ರಿಕ್ಟ್ ಎಂದು ಅದರ ಹೆಸರು. ವರ್ಡ್ಸ್‌ವರ್ತ್ ಕವಿ ಬಾಳಿ ಮಡಿದ ನಾಡು. ಬೇಸಗೆ ಬಂತೆಂದರೆ ಅಲ್ಲಿಯ ಕೆಸಿಕ್ ಪಟ್ಟಣದ ಬಳಿ, ಡರ್ವೆಂಟ್ ಸರೋವರದ ದಂಡೆಯ ಮೇಲೆ, ಹೊಸದೊಂದು ಊರೇ ಬಂದಿಳಿಯುತ್ತದೆ. ಕಾರಿನ ಹಿಂದೆ ಕಟ್ಟಿಕೊಂಡು ತಂದ ಕ್ಯಾರವಾನುಗಳ ಊರು ಅದು. ಹಾಸಿಗೆ, ಒಲೆ, ಮೇಜು, ಕಿಟಕಿಗೆ ಹೂವಿನ ಪರದೆ, ಎಲ್ಲವೂ ಆ ಪುಟ್ಟ ಗೂಡಿನೊಳಗೇ ಉಂಟು.

ಈ ಹವ್ಯಾಸ ಇಂದು ನಿನ್ನೆಯದಲ್ಲ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರು ಬ್ರಿಸ್ಟಲಿನಲ್ಲಿ ‘ವಾಂಡರರ್’ ಎಂಬ ಗಾಡಿಯನ್ನು ಮಾಡಿಸಿ, ಎರಡು ಕುದುರೆ ಹೂಡಿ, ದೇಶ ಸುತ್ತಿದರು. ಅದು ಗಟ್ಟಿ ಮರದ ಗಾಡಿ. ಮುಂದೆ ಬಂದ ಕ್ಯಾರವಾನುಗಳಿಗೆ ಅಷ್ಟು ಭಾರ ಸಲ್ಲದು, ಕಾರು ಎಳೆಯಬೇಕಲ್ಲ! ಹೊರಗೆ ತೆಳ್ಳನೆಯ ಅಲ್ಯೂಮಿನಿಯಂ ತಗಡು, ಒಳಗೆ ಚಿತ್ತಾರದ ಕಾಗದ ಹೊದ್ದ ಪ್ಲೈವುಡ್, ನಡುವೆ ಬೆರಳು ದಪ್ಪದ ಮರದ ಚೌಕಟ್ಟು. ಹಳೆಯ ಗಾಡಿಗಳಲ್ಲಿ ಬಹುಪಾಲು ಹೀಗೆಯೇ. ಮೂಲೆಮೂಲೆಗೂ ಅಂಚುಪಟ್ಟಿ ಇಟ್ಟು, ಅದರಡಿ ಮ್ಯಾಸ್ಟಿಕ್ ಎಂಬ ಮೇಣ ಬಳಿದು, ಸ್ಕ್ರೂ ಬಿಗಿದಿರುತ್ತಾರೆ. ಮಳೆಗೂ ಮನೆಗೂ ನಡುವೆ ಇರುವ ಕಾವಲು ಆ ಮೇಣವೊಂದೇ.

ಮಳೆಯೋ, ಅಲ್ಲಿ ಅದಕ್ಕೆ ಬಿಡುವೇ ಇಲ್ಲ. ಕೆಸಿಕ್‌ಗೆ ಸಮೀಪದ ಸೀತ್‌ವೇಟ್ ಹಳ್ಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ನಮ್ಮ ಆಗುಂಬೆಯನ್ನು ಕಂಡವರು ಈ ಲೆಕ್ಕಕ್ಕೆ ನಕ್ಕಾರು. ಆದರೆ 2015ರ ಡಿಸೆಂಬರ್ 5ರಂದು ಹತ್ತಿರದ ಹಾನಿಸ್ಟರ್ ಕಣಿವೆದಾರಿಯಲ್ಲಿ ಕೊನೆಗೊಂಡ 24 ಗಂಟೆಗಳಲ್ಲಿ 341.4 ಮಿಲಿಮೀಟರ್ ಸುರಿದು ಬ್ರಿಟನ್ನಿನ ದಾಖಲೆಯಾಯಿತು. ಹಳೆಯ ಕ್ಯಾರವಾನಿಗೆ ಮಾತ್ರ ಇಂಥ ಆರ್ಭಟಕ್ಕಿಂತ ದಿನಗಟ್ಟಲೆ ಜಿನುಗುವ ಸೋನೆಯೇ ದೊಡ್ಡ ಶತ್ರು. ರಸ್ತೆಯ ಕುಲುಕಾಟಕ್ಕೆ ಕೀಲುಗಳು ಸಡಿಲವಾಗಿ, ವಯಸ್ಸಾದ ಮೇಣ ಒಣಗಿ ಬಿರಿದಾಗ, ಕೂದಲೆಳೆಯಷ್ಟು ಸಂದು ಸಾಕು. ಛಾವಣಿಯ ಮುಂದಂಚಿನಲ್ಲಿ ಹೊಕ್ಕ ನೀರು ಮರದ ಗುಂಟ ಹರಿದು ಹಿಂದಿನ ಮಂಚದ ಕೆಳಗೆ ತಲೆದೋರೀತು. ಕಲೆ ಕಂಡಲ್ಲೇ ತೂತನ್ನು ಹುಡುಕಿದವನು ಕೆಡುತ್ತಾನೆ.

ನಿವೃತ್ತರಾದ ದಂಪತಿಗಳು ಕೂಡಿಟ್ಟ ಹಣದಲ್ಲಿ ಇಂಥದೊಂದು ಗಾಡಿ ಕೊಳ್ಳಹೋಗುತ್ತಾರೆನ್ನಿ. ಹೊಸ ಬಣ್ಣ, ಹೊಸ ಪರದೆ ಥಳಥಳಿಸುತ್ತವೆ. ಅನುಭವಿಯಾದ ಗೃಹಿಣಿ ಪರದೆಯನ್ನು ನೋಡಳು. ಕಪಾಟಿನ ಬಾಗಿಲು ತೆರೆದು ಮೂಸುತ್ತಾಳೆ. ಮುಗ್ಗಲು ವಾಸನೆಗೆ ಬಣ್ಣ ಬಳಿಯಲಾಗದು. ಯಜಮಾನರು ಕಿಟಕಿಯ ಕೆಳಗೆ ಹೆಬ್ಬೆರಳಿನಿಂದ ಒತ್ತುತ್ತಾರೆ. ಗೋಡೆ ನೆನೆದ ರೊಟ್ಟಿಯಂತೆ ಒಳಗೆ ಜಗ್ಗುತ್ತದೆ. ಎರಡು ಸೂಜಿಯ ತೇವಮಾಪಕವನ್ನು ಊರಿದರೆ ನಿಜ ಹೊರಬೀಳುತ್ತದೆ. ನೂರಕ್ಕೆ 15ರೊಳಗಿದ್ದರೆ ಚಿಂತೆಯಿಲ್ಲ, 20 ದಾಟಿದರೆ ಸಂದೇಹ, 30 ದಾಟಿದರೆ ಮರ ಕುಂಬಾಗಿದೆಯೆಂದೇ ತಿಳಿಯಬೇಕು.

ಆಗ ಉಳಿಯುವ ಪ್ರಶ್ನೆ ಹಣದ್ದು. ಕೂಲಿ ಕೊಟ್ಟು ಮಾಡಿಸಿದರೆ ಗಾಡಿಯ ಬೆಲೆಯನ್ನೇ ರಿಪೇರಿ ಮೀರೀತು. ಆದ್ದರಿಂದ ಅನೇಕರು ತಾವೇ ಉಳಿ ಹಿಡಿಯುತ್ತಾರೆ. ಚೆಂದದ ಕೋಣೆಯನ್ನು ಕೈಯಾರೆ ಹರಿಯುವುದು ಸುಲಭವಲ್ಲ. ಆದರೆ ಒಳಹಲಗೆ ಕಿತ್ತು, ಕುಂಬು ಮರವನ್ನು ಗಟ್ಟಿ ಸಿಕ್ಕುವವರೆಗೆ ಕತ್ತರಿಸಿ, ವಾರಗಟ್ಟಲೆ ಗಾಳಿಗೆ ಒಣಗಿಸದೆ ಹೊಸ ಮರ ಕೂಡಿಸಿದರೆ ಅದಕ್ಕೂ ಅದೇ ಗತಿ. ಅಂಚುಪಟ್ಟಿಯನ್ನು ಬಿಚ್ಚಿ, ಹಳೆಯ ಮೇಣವನ್ನು ಪೂರ್ತಿ ಹೆರೆದು, ಗಟ್ಟಿಯಾಗದ ಹೊಸ ಮೇಣವಿಟ್ಟು, ತುಕ್ಕು ಹಿಡಿಯದ ಸ್ಕ್ರೂ ಬಿಗಿಯಬೇಕು. ಪಟ್ಟಿಯ ಮೇಲೆಯೇ ಸಿಲಿಕೋನ್ ಮೆತ್ತಿ ಮುಗಿಸುವ ಸೋಮಾರಿಗಳೂ ಇದ್ದಾರೆ. ಒಳಗಿದ್ದ ನೀರನ್ನು ಅವರು ಬಂದಿಯಾಗಿಸುತ್ತಾರೆ, ಅಷ್ಟೆ.

ಹೊರಗಿನ ನೀರಷ್ಟೇ ಅಲ್ಲ. ಒಂದು ಕಿಲೋಗ್ರಾಂ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋಗ್ರಾಂ ನೀರು ಆವಿಯಾಗಿ ಹೊರಡುತ್ತದೆ. ಅದರೊಂದಿಗೆ ಮಲಗಿದವರ ಉಸಿರೂ ತಣ್ಣನೆಯ ಗೋಡೆಯ ಮೇಲೆ ಬೆವರಾಗುತ್ತದೆ. ಚಳಿಯೆಂದು ಗಾಳಿಕಿಂಡಿಗಳನ್ನು ಮುಚ್ಚುವುದಂತೂ ಪ್ರಾಣಕ್ಕೇ ಅಪಾಯ. ಒಲೆಯ ವಿಷಾನಿಲ ಹೊರಹೋಗುವುದು ಅವುಗಳಿಂದಲೇ.

ಚಳಿಗಾಲವೆಲ್ಲ ದುಡಿದ ಮೇಲೆ ವಸಂತದ ಮೊದಲ ಮಳೆ ಬರುತ್ತದೆ. ಬ್ಯಾಟರಿ ದೀಪ ಹಿಡಿದು ಯಜಮಾನರು ಆ ಮೂಲೆಗೆ ಸೂಜಿ ಊರುತ್ತಾರೆ. ಮಾಪಕ 12 ತೋರಿಸುತ್ತದೆ. ಗೃಹಿಣಿ ಕಿಟಕಿಯನ್ನು ಒಂದಂಗುಲ ತೆರೆದು, ಚಹಾಕ್ಕೆ ನೀರಿಡುತ್ತಾಳೆ.