ಕುರಿಗಳ ಹಾಜರಿ ಪುಸ್ತಕ

ಮೂವತ್ತುಮೂರು ವರ್ಷ ಉಪಾಧ್ಯಾಯ ವೃತ್ತಿಯಲ್ಲಿದ್ದ ನಾನು ಹುಡುಗರನ್ನು ಗದರಿಸುವಾಗ ಬಳಸುತ್ತಿದ್ದ ಮಾತುಗಳಲ್ಲಿ 'ಕುರಿಮಂದೆ' ಎಂಬುದೊಂದು. ಒಬ್ಬನು ತಪ್ಪು ಉತ್ತರ ಹೇಳಿದರೆ ಮಿಕ್ಕವರೂ ಅದನ್ನೇ ಹೇಳುವರು. ಆಗ ಆ ಮಾತು ನಾಲಗೆಗೆ ತಾನಾಗಿಯೇ ಬರುತ್ತಿತ್ತು. ಕುರಿಗಳೆಲ್ಲವೂ ಒಂದೇ, ಒಂದಕ್ಕೂ ಮತ್ತೊಂದಕ್ಕೂ ಭೇದವಿಲ್ಲ ಎಂಬ ನಂಬಿಕೆಯೇ ಆ ಬೈಗುಳಿಗೆ ಆಧಾರ. ಅದು ತಪ್ಪೆಂದು ನನಗೆ ಚೆನ್ನಾಗಿ ಮನವರಿಕೆಯಾದುದು ನಿವೃತ್ತನಾದ ಮೇಲೆ. ಅಷ್ಟರೊಳಗೆ ಆ ಅಜ್ಞಾನದಿಂದ ಒಂದು ಬಡ ಸಂಸಾರಕ್ಕೆ ನಷ್ಟವನ್ನುಂಟುಮಾಡಿದ್ದೆ. ನಮ್ಮ ಮನೆಯಲ್ಲಿ ಮಾಂಸಾಹಾರವಿಲ್ಲ. ಕುರಿಯ ವಿಷಯವಾಗಿ ಬರೆಯಲು ಇವನಿಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಅಧಿಕಾರವಿಲ್ಲ, ಋಣವುಂಟು.

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯವರಿಗೆ ಬಂಡೂರು ಕುರಿಯ ಪರಿಚಯ ಹೇಳಬೇಕಾದುದಿಲ್ಲ. ದೂರದ ವಾಚಕರಿಗಾಗಿ ಎರಡು ಮಾತು. ಬಂಡೂರು ಎಂಬುದು ಮಳವಳ್ಳಿ ತಾಲ್ಲೂಕಿನ ಒಂದು ಗ್ರಾಮ. ನೆರೆಯ ಮೈಸೂರು ಜಿಲ್ಲೆಯ ಬನ್ನೂರಿನ ಹೆಸರಿನಿಂದ ಇದನ್ನು ಬನ್ನೂರು ಕುರಿ ಎನ್ನುವವರೂ ಬಹಳ ಮಂದಿ. ಸರ್ಕಾರದ ತಳಿಪಟ್ಟಿಯಲ್ಲಿ ಇದರ ಹೆಸರು 'ಮಂಡ್ಯ'. ಪ್ರಾಣಿ ಒಂದು, ನಾಮಧೇಯ ಮೂರು. ಗಿಡ್ಡ ಕಾಲು, ಬಿಳಿಯ ಮೈ, ಕೆಲವಕ್ಕೆ ಮುಖದಲ್ಲಿ ತಿಳಿಗಂದು ಬಣ್ಣ, ಜೋಲುವ ನೀಳವಾದ ಕಿವಿ. ಗಂಡಿಗೂ ಹೆಣ್ಣಿಗೂ ಕೊಂಬಿಲ್ಲ. ಹಿಂದಿನಿಂದ ನೋಡಿದರೆ ತೊಡೆಗಳೆರಡೂ ಮಾಂಸ ತುಂಬಿ, ತಲೆಕೆಳಗಾಗಿಟ್ಟ ಲಾಳದ ಆಕಾರ ಕಾಣುವುದು. ಬೆಳೆದ ಟಗರು ಮೂವತ್ತೈದು ಕಿಲೋ ತೂಗಿದರೆ ಹೆಚ್ಚು. ಅಮರಕೋಶವು ಕುರಿಗೆ ಹೇಳುವ ಹೆಸರುಗಳಲ್ಲಿ 'ಊರ್ಣಾಯು' ಎಂಬುದೊಂದು; ಉಣ್ಣೆಯುಳ್ಳದ್ದೆಂದು ಅರ್ಥ. ಅದು ನಮ್ಮ ಬಂಡೂರಿಗೆ ಒಪ್ಪದು. ಇದರ ಮೈಮೇಲಿರುವುದು ಒರಟು ಕೂದಲು. ಕಂಬಳಿಗೆ ಬಳ್ಳಾರಿಯ ಕುರಿ, ದಖನಿ ಕುರಿಗಳೇ ಆಗಬೇಕು. ಇದರ ಕೀರ್ತಿಯೆಲ್ಲವೂ ಮಾಂಸದ ಮೃದುತ್ವದಿಂದ ಬಂದುದು.

೧೯೯೩ನೆಯ ಇಸವಿ. ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮದ್ದೂರಿಗೂ ಮಳವಳ್ಳಿಗೂ ನಡುವಣ ನಮ್ಮೂರಿನಲ್ಲಿ ಕುರಿ ಸಾಕುವ ಒಬ್ಬ ವೃದ್ಧರಿದ್ದರು. ಬೇಸಗೆಯಲ್ಲಿ ಗೊಬ್ಬರಕ್ಕಾಗಿ ನಮ್ಮ ಹೊಲದಲ್ಲಿ ರಾತ್ರಿ ಅವರ ಮಂದೆ ನಿಲ್ಲುತ್ತಿತ್ತು. ಮೂವತ್ತು ಹೆಣ್ಣು, ಒಂದು ಟಗರು. ಎರಡು ಮೂರು ವರ್ಷಕ್ಕೊಮ್ಮೆ ಅವರು ಟಗರನ್ನು ಬೇರೆ ಊರಿನ ಬಂಧುಗಳ ಟಗರಿನೊಡನೆ ಬದಲಾಯಿಸಿಕೊಳ್ಳುವುದು ವಾಡಿಕೆ. ಆ ವರ್ಷ ಬದಲಿಗೆ ಟಗರು ಸಿಕ್ಕಲಿಲ್ಲ. ಸಂತೆಯಲ್ಲಿ ಬೇರೆ ಸೀಮೆಯ ಎತ್ತರದ ಟಗರೊಂದು ಮಾರಾಟಕ್ಕೆ ಬಂದಿದೆಯೆಂದು ಕೇಳಿ ನನ್ನ ಬಳಿಗೆ ಬಂದರು.

"ಮೇಷ್ಟ್ರೇ, ಓದಿದೋರು ನೀವು. ತರ್ಲೋ ಬ್ಯಾಡ್ವೋ ಯೋಳಿ," ಎಂದರು.

ಓದಿದವನು ಉತ್ತರ ಹೇಳದೆ ಇರುವುದುಂಟೆ? ಮರಿ ದೊಡ್ಡದಾದರೆ ತೂಕ ಹೆಚ್ಚು, ತೂಕ ಹೆಚ್ಚಿದರೆ ಹಣ ಹೆಚ್ಚು ಎಂದು ತ್ರೈರಾಶಿಯ ಲೆಕ್ಕದಂತೆ ವಿವರಿಸಿದೆ. ಅವರು ತಮ್ಮ ಟಗರನ್ನು ಕಸಾಯಿಯವನಿಗೆ ಕೊಟ್ಟು ಆ ಎತ್ತರದ ಟಗರನ್ನು ತಂದರು. ಮೊದಲ ವರ್ಷದ ಮರಿಗಳು ನಿಜವಾಗಿಯೂ ದಷ್ಟಪುಷ್ಟವಾಗಿ ಬೆಳೆದವು. ನಾನು ಹೆಮ್ಮೆಪಟ್ಟೆ. ಆದರೆ ಆ ಹೆಣ್ಣುಮರಿಗಳಿಗೆ ಮರಿಗಳಾದಾಗ ಒಂದಕ್ಕೆ ಉದ್ದ ಕಾಲು, ಇನ್ನೊಂದಕ್ಕೆ ಇಕ್ಕಟ್ಟಾದ ಬೆನ್ನು, ಒಂದರಂತೆ ಇನ್ನೊಂದಿಲ್ಲ. ಬಂಡೂರು ಕುರಿಯನ್ನೇ ಅರಸಿ ಹೆಚ್ಚು ಬೆಲೆ ಕೊಡುತ್ತಿದ್ದ ಬೆಂಗಳೂರಿನ ವ್ಯಾಪಾರಿಗಳು ಬೆನ್ನು ತಡವಿ ನೋಡಿ ಸುಮ್ಮನೆ ಎದ್ದುಹೋಗತೊಡಗಿದರು. ಹತ್ತು ವರ್ಷದೊಳಗೆ ವೃದ್ಧರು ಮಂದೆಯನ್ನು ಮಾರಿಬಿಟ್ಟರು. ನಾನು ಸಂಕೋಚದಿಂದ ಮಾತೆತ್ತಿದಾಗ ಅವರು ಹೇಳಿದುದಿಷ್ಟು: "ನೀವು ಯೋಳಿದ್ದು ಸುಳ್ಳಲ್ಲ ಬುಡಿ ಮೇಷ್ಟ್ರೇ. ಮರಿ ದೊಡ್ಡದೇ ಆಯ್ತು. ನಮ್ ಮರಿ ಆಗ್ಲಿಲ್ಲ, ಅಷ್ಟೆ." ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಅವರು ತೀರಿಕೊಂಡು ಹದಿನೈದು ವರ್ಷಗಳಾದವು.

ನನ್ನ ನಿವೃತ್ತಿಯಾದ ಕೆಲವು ತಿಂಗಳಿಗೆ ಅವರ ಮೊಮ್ಮಗ ಮನೆಗೆ ಬಂದ. ನನ್ನ ಶಿಷ್ಯನೇ. ಬೆಂಗಳೂರಿನ ಕೆಲಸವನ್ನು ಬಿಟ್ಟು ಊರಿನಲ್ಲಿ ಮತ್ತೆ ಬಂಡೂರು ಕುರಿಗಳನ್ನು ಸಾಕುವ ಮನಸ್ಸು ಅವನಿಗೆ. ತಾತನು ಕೇಳಿದ ಪ್ರಶ್ನೆಯನ್ನೇ ಕೇಳಿದ: "ಯಾವ ಟಗರು ತರ್ಲಿ ಮೇಷ್ಟ್ರೇ?" ಈ ಸಾರಿ ನಾನು ಉತ್ತರ ಹೇಳಲಿಲ್ಲ. "ಒಂದು ತಿಂಗಳು ತಾಳಪ್ಪ," ಎಂದು ಕಳುಹಿಸಿ ಓದತೊಡಗಿದೆ.

ಮೊದಲು ದೊರೆತದ್ದು ನನ್ನ ಹಳೆಯ ಶಾಸ್ತ್ರಕ್ಕೆ ಸಂಬಂಧಿಸಿದ ಒಂದು ಸಂತೋಷ. ಕುರಿಗೆ ವೇದದಲ್ಲಿ 'ಅವಿ' ಎಂದು ಹೆಸರು. ಪ್ರಾಣಿಶಾಸ್ತ್ರಜ್ಞರು ಕುರಿಯ ಕುಲಕ್ಕಿಟ್ಟಿರುವ ಲ್ಯಾಟಿನ್ ಹೆಸರು 'ಓವಿಸ್'. ಎರಡೂ ಒಂದೇ ಮೂಲದ ಪದಗಳು. ಆ ಕುಲದ ಕಾಡುಕುರಿಯಾದ ಮೂಫ್ಲಾನನ್ನು ಇಂದಿನ ತುರ್ಕಿ, ಇರಾನ್ ದೇಶಗಳ ಸೀಮೆಯಲ್ಲಿ ಸುಮಾರು ಹತ್ತು ಹನ್ನೊಂದು ಸಾವಿರ ವರ್ಷಗಳ ಹಿಂದೆ ಮನುಷ್ಯನು ಪಳಗಿಸಿದನು. ಸಾಕುಕುರಿಗಳೆಲ್ಲವೂ ಅದರ ಸಂತತಿ. ಮೂಫ್ಲಾನಿಗೂ ನಮ್ಮ ಕುರಿಗೂ ವರ್ಣತಂತುಗಳು ೫೪. ಲಡಾಖಿನಲ್ಲಿರುವ ಕಾಡುಕುರಿಗಳ ಪೈಕಿ ಉರಿಯಲ್‌ಗೆ ೫೮, ಅರ್ಗಾಲಿಗೆ ೫೬. ಲೆಕ್ಕ ಬೇರೆಯಾದರೂ ಸಂಬಂಧ ಪೂರ್ತಿ ಹರಿದಿಲ್ಲ. ಟಿಬೆಟ್ಟಿನ ಸಾಕುಕುರಿಗಳು ವಾಯು ವಿರಳವಾದ ಎತ್ತರದಲ್ಲಿ ಬದುಕಲು ನೆರವಾಗುವ ರಕ್ತಗುಣವೊಂದು ಅರ್ಗಾಲಿಯಿಂದ ಬಂದುದೆಂದು ೨೦೧೯ರಲ್ಲಿ ವಿದ್ವಾಂಸರು ತೋರಿಸಿದ್ದಾರೆ. ದಕ್ಷಿಣದಲ್ಲಿ ಕಾಡುಕುರಿಯಿಲ್ಲ, ಆದರೆ ಆಡಿನ ಜಾತಿಯೆಂದು ಎಣಿಸಲ್ಪಡುತ್ತಿದ್ದ ನೀಲಗಿರಿಯ ತಾರ್ ಎಂಬ ಮೃಗವು ವಂಶದಲ್ಲಿ ಕುರಿಗೇ ಹತ್ತಿರವೆಂದು ೨೦೦೫ರಲ್ಲಿ ಗೊತ್ತಾಯಿತು. ನೆಂಟಸ್ತಿಕೆಯನ್ನು ಮುಖ ನೋಡಿ ಹೇಳಲಾಗದು.

ಹೀಗೆ ಒಂದೇ ಮೂಲದಿಂದ ಬಂದ ಕುರಿಗಳು ಒಂದೇ ತೆರನಾಗಿವೆಯೆ? ಲೋಕದ ೭೪ ತಳಿಗಳ ೨,೮೧೯ ಕುರಿಗಳ ವಂಶವಾಹಿಗಳನ್ನು ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನವು ೨೦೧೨ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಕುರಿಗಳಲ್ಲಿ ಪಳಗಿದ ಮೇಲೂ ಬಹಳ ವೈವಿಧ್ಯ ಉಳಿದುಬಂದಿದೆ. ಮನುಷ್ಯನ ಆಯ್ಕೆಯ ಗುರುತು ಬಹು ಸ್ಪಷ್ಟವಾಗಿ ಕಂಡದ್ದು ಕೊಂಬಿಲ್ಲದಿರುವಿಕೆಗೆ ಸಂಬಂಧಿಸಿದ ಜಾಗದಲ್ಲಿ. ನಮ್ಮ ಬಂಡೂರಿನ ಬೋಳುತಲೆಯನ್ನು ನೋಡಿದಾಗಲೆಲ್ಲ ಈಗ ನನಗೆ ಅದು ನೆನಪಾಗುವುದು.

ವೈವಿಧ್ಯವಿದ್ದರೆ ಪ್ರಯೋಜನವೇನು? ಬಂಗಾಳದ ಸುಂದರಬನದಲ್ಲಿ ಗರೋಲ್ ಎಂಬ ಕುಳ್ಳು ಕುರಿಯುಂಟು. ೧೭೯೨, ೧೭೯೩ರಲ್ಲಿ ಬಂಗಾಳದ ಕೆಲವು ಕುರಿಗಳು ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಹೋದವು. ಅಲ್ಲಿ ಬಹುಕಾಲದ ಮೇಲೆ ಬೂರೂಲ ಎಂಬ ಮೆರಿನೋ ಕುರಿಗಳು ಒಂದೇ ಸೂಲಿಗೆ ಹಲವು ಮರಿ ಹಾಕುವುದನ್ನು ಕಂಡು ಜನ ಬೆರಗಾದರು. ಅದಕ್ಕೆ ಕಾರಣವಾದ ವಂಶವಾಹಿ ೨೦೦೧ರಲ್ಲಿ ಪತ್ತೆಯಾಯಿತು. ಮರುವರ್ಷ ಅದೇ ಗರೋಲ್ ಕುರಿಯಲ್ಲಿಯೂ ಕಂಡುಬಂತು. ಮಹಾರಾಷ್ಟ್ರದ ಫಲ್ಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಗರೋಲಿನಿಂದ ಆ ಗುಣವನ್ನು ದಖನಿ ಕುರಿಗೆ ತಂದು ಅವಳಿ ಮರಿ ಹಾಕುವ ತಳಿಯನ್ನು ಬೆಳೆಸಿದ್ದಾರೆ. ಗಾತ್ರ ಸಾಲದೆಂದು ಬಂಗಾಳದ ಬಡವರು ನನ್ನಂಥ ಮೇಷ್ಟ್ರೊಬ್ಬನ ಮಾತು ಕೇಳಿ ಅದನ್ನು ಎಂದೋ ಕಳೆದುಕೊಂಡಿದ್ದರೆ, ಆ ಭಾಗ್ಯ ಎಲ್ಲಿಂದ ಬರುತ್ತಿತ್ತು?

ಆದರೆ 'ಶುದ್ಧ ತಳಿ' ಎಂದು ಒಂದೇ ಟಗರನ್ನು ಕಟ್ಟಿಕೊಂಡು ಕೂಡುವುದೂ ಕ್ಷೇಮವಲ್ಲ. ನಮ್ಮ ಹಿರಿಯರು ಮದುವೆಯಲ್ಲಿ ಸಗೋತ್ರವನ್ನೂ ಸಪಿಂಡವನ್ನೂ ವರ್ಜಿಸಿದಂತೆ ಕುರಿಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ ಬೇಕು. ತಳಿಶಾಸ್ತ್ರದ ಒಂದು ಲೆಕ್ಕವುಂಟು: ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ನೂರು ಹೆಣ್ಣಿಗೆ ಒಂದು ಟಗರಾದರೆ ಉತ್ತರ ಸುಮಾರು ನಾಲ್ಕು. ಎಂದರೆ ನೂರೊಂದು ಕುರಿಗಳಿದ್ದರೂ ವಂಶದ ದೃಷ್ಟಿಯಿಂದ ನಾಲ್ಕೇ ಇದ್ದಂತೆ. ಟಗರು ಐದಾದರೆ ಉತ್ತರ ಹತ್ತೊಂಬತ್ತಾಗುವುದು. ತೊಡೆಯ ಮಾಂಸವೊಂದನ್ನೇ ನೋಡಿ ಬಲವಾಗಿ ಆರಿಸುತ್ತ ಬಂದುದರಿಂದ ಬಂಡೂರು ಟಗರುಗಳಲ್ಲಿ ವೃಷಣವು ಇಳಿಯದೆ ಹೊಟ್ಟೆಯೊಳಗೇ ಉಳಿಯುವ ದೋಷ ಹೆಚ್ಚಾಗಿದೆಯೆಂದು ೧೯೮೨ರಲ್ಲಿಯೇ ಭಾರತದ ಕುರಿತಳಿಗಳನ್ನು ಕುರಿತ ಗ್ರಂಥದಲ್ಲಿ ಬರೆದಿದೆ. ವೃದ್ಧರು ಟಗರನ್ನು ಊರೂರಿಗೆ ಬದಲಾಯಿಸುತ್ತಿದ್ದುದು ಇದಕ್ಕೇ. ಅವರಿಗೆ ಲೆಕ್ಕ ಗೊತ್ತಿರಲಿಲ್ಲ, ಉತ್ತರ ಗೊತ್ತಿತ್ತು. ನನಗೆ ಎರಡೂ ಗೊತ್ತಿರಲಿಲ್ಲ.

ತಪ್ಪು ನನ್ನೊಬ್ಬನದೇ ಎಂದರೂ ಅಹಂಕಾರವಾದೀತು. ಕನ್ನಂಬಾಡಿಯ ನಾಲೆಯ ನೀರು ಬಂದು, ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಮೇಲೆ ನಮ್ಮ ಸೀಮೆ ಕಬ್ಬು ಭತ್ತಗಳಿಂದ ಹಸುರಾಯಿತು, ಹೊಟ್ಟೆ ತುಂಬಿತು. ಅದರೊಡನೆ ಬೀಳುನೆಲ ಕಡಮೆಯಾಗಿ ಮಂದೆಗಳು ಕರಗಿದವು. ಮನೆಗೆ ಮೂರು ನಾಲ್ಕು ಕುರಿ ಉಳಿದಲ್ಲಿ ಒಳ್ಳೆಯ ಟಗರನ್ನು ಯಾರು ಸಾಕಿಯಾರು? ಕೊಬ್ಬಿದ ಮರಿಯೇ ಮೊದಲು ಮಾರಾಟವಾಗುವುದು.

ತಿಂಗಳು ಕಳೆದ ಮೇಲೆ ಹುಡುಗನೂ ನಾನೂ ಹೊರಟೆವು. ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಈ ತಳಿಯನ್ನು ಸಾಕುವ ಸರ್ಕಾರದ ಕುರಿ ಸಂವರ್ಧನ ಕೇಂದ್ರವಿದೆ. ಅದನ್ನು ನೋಡಿ, ಬಳಿಕ ಹಳ್ಳಿಹಳ್ಳಿ ತಿರುಗಿದೆವು. ಹನ್ನೊಂದು ಹಳ್ಳಿಗಳಲ್ಲಿ ಅವನು ಒಪ್ಪಿದ ಹೆಣ್ಣು ಎಂಟು, ಟಗರು ಎರಡು; ಆ ಎರಡೂ ಬೇರೆ ಬೇರೆ ಕೊಟ್ಟಿಗೆಯವು. ತಾತನ ಕೈ ಮೊಮ್ಮಗನಿಗೆ ಬಂದಿದೆ. ಬೆನ್ನನ್ನು ಮುಟ್ಟಿ ಕಣ್ಣು ಮುಚ್ಚಿ ಯೋಚಿಸುತ್ತಾನೆ. ಟಗರಿನ ದೋಷವನ್ನು ಪರೀಕ್ಷಿಸುವುದನ್ನು ನಾನು ನೆನಪುಮಾಡಿದೆ; ಅದೊಂದೇ ನನ್ನ ಪಾಂಡಿತ್ಯ.

ಹಿಂತಿರುಗಿದ ದಿನ ಒಂದು ಟಗರಿನ ಬೆಲೆಯನ್ನು ನಾನೇ ಕೊಡುವೆನೆಂದೆ. ಕಾರಣವನ್ನೂ, ಎಂದರೆ ೧೯೯೩ರ ಕಥೆಯನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ ಯೋಳಿದ್ರು ಮೇಷ್ಟ್ರೇ. ಮೊದಲೇ ಗೊತ್ತಿತ್ತು," ಎಂದ. ನನಗೆ ಮಾತು ಹೊರಡಲಿಲ್ಲ. ಅವನೇ ಮುಂದುವರಿದು, "ದುಡ್ಡು ಬ್ಯಾಡ. ಯಾವ ಟಗರಿಗೆ ಯಾವ ಮರಿ ಅಂತ ನಂಗೆ ನೆಪ್ಪಿರಕ್ಕಿಲ್ಲ. ನೀವು ಬರ್ಕೊಂಡು ಹೋದ್ರೆ ಸಾಕು," ಎಂದ.

ಮನೆಯಲ್ಲಿ ಬಳಸದೆ ಉಳಿದಿದ್ದ ಹಾಜರಿ ಪುಸ್ತಕವೊಂದಿತ್ತು. ಈಗ ಪ್ರತಿ ಭಾನುವಾರ ಬೆಳಗ್ಗೆ ಅದನ್ನು ಹಿಡಿದು ಅವನ ಕೊಟ್ಟಿಗೆಗೆ ಹೋಗುತ್ತೇನೆ. ಪ್ರತಿ ಕುರಿಗೂ ಒಂದು ಸಾಲು: ಹೆಸರು, ತಾಯಿ, ತಂದೆ, ತಂದೆಯ ಊರು, ಹುಟ್ಟಿದ ದಿನ. ಕಳೆದ ಸಂಕ್ರಾಂತಿಯ ಹೊತ್ತಿಗೆ ಆರು ಮರಿಗಳಾದವು. ನೋಡಿದವರಿಗೆ ಎಲ್ಲವೂ ಒಂದೇ ಬಿಳುಪು. ನಾನು ಈಗ ದೂರದಿಂದಲೇ ಒಂದೊಂದನ್ನೂ ಗುರುತಿಸಬಲ್ಲೆ. ಒಂದು ಮಾತ್ರ ಹೆಸರು ಬರೆಯುವವರೆಗೆ ನಿಲ್ಲದೆ ಓಡಿಹೋಗುತ್ತದೆ. ಅದಕ್ಕೆ ನಾನು ಬೈಯುವುದಿಲ್ಲ.