ಕೊಲಾಬಾಕ್ಕೆ ಟಿಕೆಟ್ ಇಲ್ಲ!

ಮುಂಬೈ ಲೋಕಲ್ ಚರ್ಚ್‌ಗೇಟಿಗೇ ಮುಗೀತದೆ ಅಂತೀರಾ? ಹಿಂದೆ ಹಾಗಿರಲಿಲ್ಲ ಸ್ವಾಮಿ. 1873ರಲ್ಲೇ ಹಳಿ ಮುಂದೆ ಕೊಲಾಬಾ ಮುಟ್ಟಿತ್ತು. 1928ರಲ್ಲಿ ಅಲ್ಲಿಂದ ಬೊರಿವಲಿವರೆಗೆ ಕರೆಂಟ್ ಗಾಡಿ ಬಂತು. ಮೂರು ವರ್ಷ ತುಂಬಲಿಲ್ಲ, ಸಮುದ್ರ ತುಂಬಿಸುವ ಬ್ಯಾಕ್‌ಬೇ ಯೋಜನೆಗೆ ಜಾಗ ಬೇಕಾಯ್ತು. 1930ರ ಡಿಸೆಂಬರ್ 31ಕ್ಕೆ ಸ್ಟೇಷನ್ ಬಂದ್!

ಪಿಯುಸಿಗೆ ಕೈಮುಗಿದು, ಸಿನಿಮಾ ಪತ್ರಿಕೆಯಲ್ಲಿ ಕೆಲಸ ಹುಡುಕ್ತಾ ನಾನು ಅಲೆದದ್ದು ಅಲ್ಲೇ. ಬರೆದದ್ದಕ್ಕೆ ಕಾಸು ಬಂದಿರಲಿಲ್ಲ, ಊರಿಗೆ ಮುಖ ತೋರಿಸೋ ಹಾಗಿರಲಿಲ್ಲ. ಸ್ಟೇಷನ್ ಇದ್ದ ಜಾಗದಲ್ಲೀಗ ರೈಲ್ವೆ ಅಧಿಕಾರಿಗಳ ಬಧ್ವಾರ್ ಪಾರ್ಕ್. "ಇಲ್ಲೆಂಥಾ ಸ್ಟೇಷನ್ನು?" ಅಂತ ಗೇಟಿನವನು ಗದರಿದ.

ಸ್ಟೇಷನ್ ಮುಚ್ಚಿ ಎರಡೂವರೆ ತಿಂಗಳಿಗೆ, 1931ರ ಮಾರ್ಚ್ 14ರಂದು, ಮೆಜೆಸ್ಟಿಕ್ ಟಾಕೀಸಿನಲ್ಲಿ 'ಆಲಂ ಆರಾ' ಮಾತಾಡಿತು. ಸ್ಟುಡಿಯೋ ಪಕ್ಕದಲ್ಲೇ ರೈಲು. ಅದರ ಸದ್ದಿಗೆ ಹೆದರಿ ನಡುರಾತ್ರಿ ಶೂಟಿಂಗ್. ಆ ಚಿತ್ರದ್ದೂ ಒಂದು ಪ್ರಿಂಟ್ ಸಿಕ್ಕಿಲ್ಲ, ಬರೀ ಫೋಟೋಗಳಷ್ಟೇ.